ಮುತ್ಯಾಲಮ್ಮನ ಹಳೇ ನೈಟಿ

ಮುತ್ಯಾಲಮ್ಮನ ಬಲಗೈ ಮುರಿದದ್ದು ಟೊಮೆಟೊ ಗಾಡಿಯಿಂದ. ಆದರೂ ಆ ಗಾಡಿಯ ಡ್ರೈವರನ ಮೇಲೆ ಅವಳಿಗೆ ಅಷ್ಟೇನೂ ಸಿಟ್ಟಿರಲಿಲ್ಲ. ಹಾಲಿನ ಕ್ಯಾನು ಹಿಡಿದು ರಸ್ತೆ ಬದಿಯಲ್ಲಿ ನಿಂತಿದ್ದವಳಿಗೆ ಅವನು ಗುದ್ದಿದ್ದು ನಿಜ. ಗುದ್ದಿದವನೇ ಇಳಿದು ಬಂದು, ಅಳುತ್ತಾ, ಅವಳನ್ನು ಕ್ರೇಟುಗಳ ನಡುವೆ ಮಲಗಿಸಿಕೊಂಡು ಬಂಗಾರಪೇಟೆಯ ಆಸ್ಪತ್ರೆಗೆ ಕರೆದೊಯ್ದಿದ್ದ. ಅವಳ ಸಿಟ್ಟೆಲ್ಲ ಇದ್ದದ್ದು ಒಂದು ಮಾತಿನ ಮೇಲೆ. ಆ ಮಾತು ಆಡಿದವನು ಅವಳ ಗಂಡ ಆದಿನಾರಾಯಣ, ಬರೆದುಕೊಂಡವನು ಇನ್ಶೂರೆನ್ಸ್ ಕಂಪನಿಯವನು. ಇಬ್ಬರನ್ನೂ ಅವಳು ಬಿಡಲಿಲ್ಲ.

ಕೆಜಿಎಫ್ ರಸ್ತೆಯ ಪಕ್ಕದ ಆ ಹಳ್ಳಿಯಲ್ಲಿ ಆದಿನಾರಾಯಣ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, 'ಡೈರೆಕ್ಟ್ರು' ಅನ್ನಬೇಕು. ಹಾಲಿನ ಸಂಘದ ಸದಸ್ಯತ್ವ ಅವನ ಹೆಸರಲ್ಲಿತ್ತು, ಸಂಘದ ಡೈರೆಕ್ಟರುಗಳಲ್ಲಿ ಅವನೂ ಒಬ್ಬ. ಊರಲ್ಲೇ ಹೆಚ್ಚು ಹಾಲು ಹಾಕುವವನು ಅಂತ ಒಂದು ಯುಗಾದಿಗೆ ಅವನಿಗೆ ಶಾಲು ಹೊದಿಸಿದ್ದರು. ಶಾಲು ಹೊದ್ದ ಆ ಭುಜ ಒಂದು ದಿನವೂ ಹಸುವಿನ ಹೊಟ್ಟೆಗೆ ಒರಗಿದ್ದಲ್ಲ. ಬೆಳಗಿನ ಜಾವ ಎದ್ದು ಸಗಣಿ ಬಾಚುವುದು, ಬೂಸಾ ಕಲಸುವುದು, ಕೆಚ್ಚಲು ತೊಳೆದು ಹಾಲು ಕರೆಯುವುದು, ಕ್ಯಾನು ಹೊತ್ತು ಸಂಘಕ್ಕೆ ಹಾಕುವುದು, ಬಂದು ಒಲೆ ಹಚ್ಚಿ ಮುದ್ದೆ ತಿರುವುವುದು, ಮತ್ತೆ ಹುಲ್ಲಿಗೆ ಹೋಗುವುದು, ಸಂಜೆ ಇನ್ನೊಂದು ಸಲ ಅದೇ ಎಲ್ಲ, ಇವು ಮುತ್ಯಾಲಮ್ಮನವು. ಅವನದು ಹದಿನೈದು ದಿನಕ್ಕೊಮ್ಮೆ ಹೋಗಿ ಬಟವಾಡೆಗೆ ಸಹಿ ಹಾಕುವುದು.

ಕೈಗೆ ಪ್ಲೇಟು ಕೂರಿಸಿ, ಸ್ಕ್ರೂ ಬಿಗಿದು ಕಳಿಸಿದರು. ಮೂಳೆ ಕೂಡಿತು. ಆದರೆ ಬೆರಳುಗಳು ಮಡಚಲಿಲ್ಲ. ಮುಷ್ಟಿ ಕಟ್ಟಲಾಗದ ಕೈಯಲ್ಲಿ ಹಾಲು ಕರೆಯುವುದು ಹೇಗೆ?

ಬೊಲ್ಲಿ ಅನ್ನುವ ಸೀಮೆಹಸು ಮನೆಯ ಆಧಾರ. ಆದಿನಾರಾಯಣ ಮೊದಲ ದಿನ ಚೊಂಬು ಹಿಡಿದು ಕೂತಾಗ ಅದು ಅವನನ್ನು ಮೂಸಿ ನೋಡಿ, ಚೊಂಬಿನ ಸಮೇತ ಗೋಡೆಗೆ ಒದ್ದಿತು. ಮಾರನೆಯ ದಿನವೂ ಒದ್ದಿತು.

"ನನ್ ವಾಸ್ನೆ ಉಡುಕ್ತೈತೆ ಅದು," ಎಂದು ಮುತ್ಯಾಲಮ್ಮ ಗೂಟದ ಮೇಲಿದ್ದ ತನ್ನ ಹಳೇ ನೈಟಿ ತೋರಿಸಿದಳು. ಸಗಣಿ, ಹಾಲು, ಬೆವರು ಎಲ್ಲ ಹಿಡಿದ ಹೂವಿನ ನೈಟಿ. "ಆಕ್ಕೊ."

"ಥೂ, ಏನೇ ನೀನು!"

"ಅಂಗಾರೆ ಒದೆ ತಿನ್ನು."

ಅವನು ಬಾಗಿಲು ಮುಚ್ಚಿಕೊಂಡು, ಲುಂಗಿಯ ಮೇಲೆ ನೈಟಿ ತೊಟ್ಟು, ತಲೆಗೆ ಅವಳ ಟವೆಲು ಸುತ್ತಿಕೊಂಡು ಕೂತ. ಬೊಲ್ಲಿ ಹಾಲು ಇಳಿಸಿತು.

ಗಾಡಿಯ ಇನ್ಶೂರೆನ್ಸ್ ಕಂಪನಿಯವನು ಬಂದದ್ದು ಆಮೇಲೆ. ತನಿಖೆಯ ಹುದ್ದೆಯವನು, ಇಸ್ತ್ರಿ ಮಾಡಿದ ಅಂಗಿ, ಬಾಯಿ ತುಂಬ ನಗು. ಆದಿನಾರಾಯಣ ಜಗಲಿಯ ಮೇಲೆ ಕುರ್ಚಿ ಹಾಕಿಸಿದ.

"ನಿಮ್ಮ ಮನೆಯವ್ರು ಏನು ಕೆಲಸ ಮಾಡ್ತಿದ್ರು ಸಾರ್?"

"ನಮ್ಮನೆ ಎಂಗಸ್ರು ಕೆಲ್ಸುಕ್ಕೆ ಓಗಲ್ಲ ಸಾರ್. ನಮ್ಮಪ್ಪನ ಕಾಲ್ದಿಂದ್ಲೂ ಅಂಗೇ. ಮನೇಲಿ ಸುಮ್ಕೆ ಇರ್ತಾಳೆ."

"ಮತ್ತೆ ಈ ಹಸುಗಳು?"

"ಅದೆಲ್ಲಾ ನಂದೇ. ಸಂಘದಾಗೆ ಕೇಳಿ, ಡೈರೆಕ್ಟ್ರು ಅಂದ್ರೆ ಸಾಕು." ಒಳಕ್ಕೆ ತಿರುಗಿ ಕೂಗಿದ, "ಲೇ, ಸಾರ್‌ಗೆ ಕಾಫಿ ತಗೊಂಬಾ!"

ಬಾಗಿಲ ಹಿಂದೆ ಮುತ್ಯಾಲಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಮನೆಗೆ ಬಂದವನನ್ನು ಬರಿಗೈಲಿ ಕಳಿಸಿ ಅವಳಿಗೆ ಅಭ್ಯಾಸವಿರಲಿಲ್ಲ. ಎಡಗೈಯಲ್ಲೇ ಹಾಲು ಕಾಯಿಸಿ, ಡಿಕಾಕ್ಷನ್ ಡಬ್ಬಿಯ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿ ತೆಗೆದು, ಒಂದು ಲೋಟ ಕಂಪನಿಯವನಿಗೆ ಕೊಟ್ಟು, ಒಳಗೆ ಹೋಗಿ ಇನ್ನೊಂದು ತಂದು ಗಂಡನಿಗೆ ಕೊಟ್ಟಳು. ಕಂಪನಿಯವನು ಫೋನೆತ್ತಿ, "ಹಂಗೇ ನಿಂತ್ಕೊಳಿ ಅಮ್ಮ, ರೆಕಾರ್ಡಿಗೆ ಒಂದು ಫೋಟೋ," ಅಂದ. ಕುಡಿದು ಮುಗಿಸಿ, "ಕಾಫಿ ಬಹಳ ಚೆನ್ನಾಗಿದೆ," ಅಂತಲೂ ಹೇಳಿ ಹೋದ.

ಅವಳ ಪರಿಹಾರದ ಕೇಸು ಹಿಡಿದಿದ್ದ ವಕೀಲೆ ಸುಮಿತಾ ಆಂಡರ್ಸನ್‌ಪೇಟೆಯವಳು, ಚಿನ್ನದ ಗಣಿಗಿಳಿದಿದ್ದವನ ಮೊಮ್ಮಗಳು. ಮನೆಯಲ್ಲಿ ತಮಿಳು, ಕೋರ್ಟಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಕಂಪನಿಯವರು ಕೋರ್ಟಿಗೆ ಹಾಕಿದ ತಕರಾರನ್ನು ಒಂದು ದಿನ ಅವಳು ಮುತ್ಯಾಲಮ್ಮನಿಗೆ ಓದಿ ಹೇಳಿದಳು. ಅರ್ಜಿದಾರಳಿಗೆ ಯಾವ ದುಡಿಮೆಯೂ ಇರಲಿಲ್ಲ, ಮನೆಯಲ್ಲಿ ಸುಮ್ಮನೆ ಇರುತ್ತಾಳೆಂದು ಗಂಡನೇ ತಿಳಿಸಿದ್ದಾನೆ. ಅಪಘಾತದ ನಂತರವೂ ಮನೆಗೆಲಸಕ್ಕೆ ಶಕ್ತಳಿದ್ದಾಳೆ, ನಮ್ಮ ಪ್ರತಿನಿಧಿಗೆ ತಾನೇ ಕಾಫಿ ಮಾಡಿ ಕೊಟ್ಟಿದ್ದಾಳೆ. ಹಾಲು ಈಗಲೂ ಡೈರಿಗೆ ಹೋಗುತ್ತಿದೆ, ಆದ್ದರಿಂದ ನಷ್ಟವೇ ಆಗಿಲ್ಲ.

"ಕುಡಿದ ಕಾಫೀನೂ ಬರ್ದವ್ನಾ?"

"ಫೋಟೋನೂ ಅಂಟಿಸಿದಾನೆ ಅಕ್ಕಾ."

ಸುಮಿತಾ ಸಮಾಧಾನ ಹೇಳಿದಳು. "ಡಾಕ್ಟ್ರು ಹೇಳ್ತಾರೆ. ಸಂಘದ ಸೆಕ್ರೆಟ್ರಿ ಕಾಂತರಾಜ್ ಬಂದು ಹಾಲು ತರ್ತಿದ್ದೋರು ಇವ್ರೇ ಅಂತಾರೆ. ಸಾಕು. ನಿಮ್ಮ ಗಂಡ ಬೇಡ. ಅವ್ರನ್ನ ನಿಲ್ಲಿಸಿದ್ರೆ ಕಂಪನಿ ಲಾಯರು ಕೆದಕಿಬಿಡ್ತಾರೆ."

"ಕೆದಕ್ಲಿ. ಆ ಮಾತು ಯಾರ ಬಾಯಿಂದ ಬಂತೋ ಆ ಬಾಯಿಂದ್ಲೇ ವಾಪಸ್ ಓಗ್ಬೇಕು. ಜನದ್ ಮುಂದೆ."

"ಅವರು ಅಲ್ಲಿ ಉಲ್ಟಾ ಹೊಡೆದ್ರೆ ಕೇಸೇ ಬಿದ್ದೋಗುತ್ತೆ ಅಕ್ಕಾ."

"ಬಿದ್ರೆ ಬೀಳ್ಲಿ. ನಾನು ಇಪ್ಪತ್ತೈದು ವರ್ಷ ಏನ್ ಮಾಡ್ದೆ ಅಂತ ಅವ್ನು ಯೋಳ್ಬೇಕು."

ಸುಮಿತಾ ಅವಳ ಮುಖ ನೋಡಿ, "ಸರಿ, ಪಾತ್ತುಕ್ಕಲಾಂ, ನೋಡ್ಕೊಳೋಣ," ಅಂದಳು.

ಇನ್ನೊಂದು ಸಂಗತಿ ಮುತ್ಯಾಲಮ್ಮನಿಗೂ ಪಕ್ಕದ ಮನೆಯ ಅಮ್ಮಾಜಮ್ಮನಿಗೂ ಮಾತ್ರ ಗೊತ್ತಿತ್ತು. ಅದೇ ವಾರ ಆದಿನಾರಾಯಣ ನೆಂಟರ ಮದುವೆಗೆ ಹೋಗಿದ್ದಾಗ ಅಮ್ಮಾಜಮ್ಮ ಬಂದು, ತನ್ನದೇ ಸೀರೆಯಲ್ಲಿ ಕೂತು ಹಾಲು ಕರೆದಿದ್ದಳು. ಬೊಲ್ಲಿ ಕಿವಿಯನ್ನೂ ಅಲ್ಲಾಡಿಸಿರಲಿಲ್ಲ. ಅದಕ್ಕೀಗ ಮುಂದೆ ಬೂಸಾ ಇದ್ದರೆ ಸಾಕಿತ್ತು, ಯಾರಾದರೂ ಆಗುತ್ತಿತ್ತು. ಪಾಪ, ಗಂಡನಿಗೆ ಹೇಳಿ ಆ ನೈಟಿಯಿಂದ ಬಿಡಿಸೋಣವೆಂದು ಮುತ್ಯಾಲಮ್ಮ ಅಂದುಕೊಂಡಿದ್ದಳು ಕೂಡ. ತಕರಾರು ಓದಿಸಿಕೊಂಡು ಬಂದ ಸಂಜೆ ಆ ಮಾತನ್ನು ನುಂಗಿಕೊಂಡಳು. ಮಾರನೆಯ ಬೆಳಿಗ್ಗೆ ಅವನು ನೈಟಿ ತೊಟ್ಟು ಕೂತ ಮೇಲೆ, ಸೆಕೆ ಅಂತ ಹೇಳಿ, ಅಮ್ಮಾಜಮ್ಮನ ಮನೆಯತ್ತ ಇದ್ದ ಕೊಟ್ಟಿಗೆಯ ಬಾಗಿಲನ್ನು ಅಗಲಕ್ಕೆ ತೆರೆದಿಟ್ಟಳು.

ಸಾಕ್ಷಿಯ ದಿನ ಆದಿನಾರಾಯಣ ಹುರುಪಿನಲ್ಲೇ ಹೊರಟ. ಬಿಳಿ ಅಂಗಿ, ಹೆಗಲ ಮೇಲೆ ಸಂಘದ ಶಾಲು. ಹಸುಗಳ ಕೆಲಸವೆಲ್ಲ ಹೆಂಡತಿಯದೇ ಎಂದಿದ್ದ ಪ್ರಮಾಣಪತ್ರವನ್ನು ಸುಮಿತಾ ಓದಿ ಹೇಳಿದಾಗ, ಪೇಪರಿನಲ್ಲಿ ಏನಿದ್ದರೇನು ಅಂತ ಅವನು ತಲೆಯಾಡಿಸಿ ಸಹಿ ಹಾಕಿದ್ದ. ಅದನ್ನೇ ಬಾಯಿಬಿಟ್ಟು ಹೇಳಬೇಕಾದೀತು ಎಂದು ಅವನಿಗೆ ಹೊಳೆದಿರಲಿಲ್ಲ. ಕೆಜಿಎಫ್ ಕೋರ್ಟಿನ ಹಾಲ್ ತುಂಬಿತ್ತು. ಹಿಂದಿನ ಬೆಂಚಿನಲ್ಲಿ ಕಾಂತರಾಜ್, ಪಕ್ಕದಲ್ಲಿ ಅಮ್ಮಾಜಮ್ಮ. ಮುತ್ಯಾಲಮ್ಮ ಮುಂದೆ ಕೂತಿದ್ದಳು.

ಕಂಪನಿಯ ವಕೀಲರು ಎದ್ದರು. "ನಿಮ್ಮ ಹೆಂಡತಿ ಮನೆಯಲ್ಲಿ ಸುಮ್ಮನೆ ಇರ್ತಾಳೆ ಅಂತ ಹೇಳಿದ್ದು ಹೌದೋ ಅಲ್ಲವೋ?"

"ಔದು ಸಾರ್. ಅವತ್ತು."

"ಅವತ್ತು ನಿಜ, ದುಡ್ಡು ಬರುತ್ತೆ ಅಂತ ಇವತ್ತು ಸುಳ್ಳು?"

"ಇಲ್ಲ ಸಾರ್. ಅವತ್ತೇ ಸುಳ್ಳು."

"ಯಾಕೆ ಹೇಳಿದ್ರಿ?"

"ಮರ್ವಾದಿಗೆ ಸಾರ್."

"ಯಾರ ಮರ್ಯಾದೆ?" ಎಂದು ಜಡ್ಜ್ ಕೇಳಿದರು.

ಅವನು ಶಾಲಿನ ಅಂಚು ಹಿಂಡಿದ. "ನಂದೇ."

ವಕೀಲರು ಬಿಡಲಿಲ್ಲ. "ಅಪಘಾತ ಆದ್ಮೇಲೂ ಹಾಲು ಡೈರಿಗೆ ಹೋಗ್ತಿದೆ. ಕರೆಯೋರು ಯಾರು?"

"ನಾನೇ."

"ಅಂದ್ರೆ ಹಸು ಮೊದಲಿಂದಲೂ ನಿಮ್ಮ ಕೈಗೇ ಒಗ್ಗಿದೆ. ಹೌದು ಅನ್ನಿ."

ಹೌದು ಅಂದಿದ್ದರೆ ಅವನ ಡೈರೆಕ್ಟರ್‌ಗಿರಿ ಉಳಿಯುತ್ತಿತ್ತು, ಅವಳ ಕೇಸು ಬೀಳುತ್ತಿತ್ತು. ಅವನು ಮುತ್ಯಾಲಮ್ಮನ ಕಡೆ ನೋಡಿದ. ಅವಳು ಸೆರಗಿನೊಳಗಿದ್ದ ಬಲಗೈಯನ್ನು ಹೊರತೆಗೆದು, ಎಲ್ಲರಿಗೂ ಕಾಣುವ ಹಾಗೆ ಮುಂದಿದ್ದ ಅಡ್ಡಗಂಬಿಯ ಮೇಲಿಟ್ಟಳು. ಮಡಚದ ಐದು ಬೆರಳು ಅವನತ್ತ ನೆಟ್ಟಗೆ ಚಾಚಿದ್ದವು.

"ಒಗ್ಗಿಲ್ಲ ಸಾರ್. ಒದೀತೈತೆ."

"ಒದ್ರೆ ಹಾಲು ಹೇಗೆ ಕರೀತೀರಿ?"

ಅವನು ಹಿಂದಿನ ಬೆಂಚಿನ ಕಾಂತರಾಜ್ ಕಡೆ ತಿರುಗಿ ನೋಡಿದ.

"ಹೇಳ್ಬೇಕು," ಅಂದರು ಜಡ್ಜ್.

"ಇವಳ... ನೈಟಿ ಆಕ್ಕೊಂಡು ಸಾರ್."

ಮೊದಲು ನಕ್ಕವನು ಕಾಂತರಾಜ್. ಸಂಜೆ ಹಾಲು ಅಳೆಯುವ ಹೊತ್ತಿಗೆ ಊರಿಗೆಲ್ಲ ಗೊತ್ತಾಗುತ್ತದೆ ಅನ್ನುವುದು ಆ ನಗೆಯಲ್ಲೇ ಇತ್ತು. ಜಡ್ಜ್ ಮೇಜು ತಟ್ಟಿ, ಆ ಉತ್ತರವನ್ನು ಹೇಳಿ ಬರೆಸತೊಡಗಿದರು. ಟೈಪಿಸ್ಟ್ ಕೈ ನಿಲ್ಲಿಸಿ, "ನೈಟಿ ಅಂತಲೇ ಹಾಕ್ಲಾ ಸಾರ್?" ಎಂದಳು. "ನೈಟಿ ಅಂತಲೇ ಹಾಕಮ್ಮ." ಕಂಪನಿಯ ವಕೀಲರು ಫೈಲಿನಲ್ಲಿ ಏನನ್ನೋ ಹುಡುಕುತ್ತಾ ಕೂತುಬಿಟ್ಟರು.

ಸುಮಿತಾ ಒಂದೇ ಪ್ರಶ್ನೆ ಕೇಳಿದಳು. "ಕಾಫಿಯ ಫೋಟೋ ಹಾಕಿದಾರಲ್ಲ, ಆಕ್ಸಿಡೆಂಟ್ ಆದ್ಮೇಲೆ ನಿಮ್ಮನೇಲಿ ಮುದ್ದೆ ಆಗಿದೆಯಾ?"

"ಒಂದ್ ದಿನಾನೂ ಇಲ್ಲಮ್ಮ. ಕೋಲಲ್ಲಿ ತಿರುವಕ್ಕೆ ಎರಡು ಕೈ ಬೇಕು."

"ನೀವು ತಿರುವಬಹುದಿತ್ತಲ್ಲ?"

"ನಂಗೆ ಬರಲ್ಲ."

ಬಸ್ಸಿನಲ್ಲಿ ಅವನು ಕಿಟಕಿಯಾಚೆ ಗಣಿ ಮಣ್ಣಿನ ಸೈನೈಡ್ ದಿಬ್ಬಗಳನ್ನು ನೋಡುತ್ತಾ ಕೂತ. ಶಾಲು ಮಡಚಿ ಚೀಲ ಸೇರಿತ್ತು. "ಈಗ ಸಮಾಧಾನ ಆಯ್ತಾ?" ಅಂದ. ಮುತ್ಯಾಲಮ್ಮ ಕಡಲೆಕಾಯಿ ಪೊಟ್ಟಣ ಚಾಚಿದಳು. "ಬಿಡಿಸಿ ಕೊಡು. ನಂಗೆ ಆಗಲ್ಲ." ಊರು ಬರುವವರೆಗೂ ಅವನು ಬಿಡಿಸಿದ, ಅವಳು ತಿಂದಳು.

ದಸರಾ ಕಳೆದ ಮೇಲೆ ತೀರ್ಪು ಬಂತು. ಕಂಪನಿ ಪರಿಹಾರ ಕೊಡಬೇಕು, ಅದು ಅವಳ ಹೆಸರಿಗೇ ಬರಬೇಕು. ಅವಳ ಕಸುಬು ಹೈನುಗಾರಿಕೆ ಮತ್ತು ಮನೆವಾರ್ತೆ ಎಂದು ಅದರಲ್ಲಿತ್ತು. ಸುಮಿತಾ ಆ ಸಾಲನ್ನು ಎರಡು ಸಲ ಓದಿದಳು. ಕಂಪನಿಯವರು ಹೈಕೋರ್ಟಿಗೆ ಅಪೀಲು ಹೋಗುತ್ತಾರಂತೆ ಎಂಬುದನ್ನೂ ಹೇಳಿದಳು.

"ಓಗ್ಲಿ," ಅಂದಳು ಮುತ್ಯಾಲಮ್ಮ. "ಕಾಫಿ ಕುಡ್ದೋನ್ಗೆ ಯೋಳು, ಎಲ್ಲೀವರ್ಗೂ ಓಯ್ತಾನೋ ಅಲ್ಲೀವರ್ಗೂ ಬತ್ತೀನಿ."

ಸಂಜೆ ಕೊಟ್ಟಿಗೆಯಲ್ಲಿ ಆದಿನಾರಾಯಣ ನೈಟಿ ಕೈಯಲ್ಲಿ ಹಿಡಿದು ನಿಂತಿದ್ದ. ಹೂವುಗಳು ಮಾಸಿದ್ದವು, ಕಂಕುಳಲ್ಲಿ ಹರಿದಿತ್ತು. ತೆರೆದ ಬಾಗಿಲಾಚೆ ಅಮ್ಮಾಜಮ್ಮ ಕಸ ಗುಡಿಸುವ ನೆಪದಲ್ಲಿ ನಿಂತಿದ್ದಳು.

"ಕೇಸು ಗೆದ್ಯಲ್ಲ," ಅಂದ ಮೆಲ್ಲಗೆ. "ಇವತ್ತೊಂದ್ ಸಲ ಇದಿಲ್ದೆ ನೋಡ್ಲಾ? ಒಗ್ಗಿರ್ಬೌದು."

ಬೊಲ್ಲಿ ಬೂಸಾದಲ್ಲಿ ಮೂತಿ ಇಟ್ಟು ಸುಮ್ಮನೆ ನಿಂತಿತ್ತು. ಮುತ್ಯಾಲಮ್ಮ ಎಡಗೈಯಿಂದ ಅದರ ಬೆನ್ನು ಸವರಿದಳು.

"ಅಪೀಲು ಮುಗೀಲಿ," ಅಂದಳು. "ಆಕ್ಕೊ."