ಗಿಲಕಿಗೆ ಹತ್ತಿದ ಕೆಂಪು

ನನಗೆ ಸಿಟ್ಟು ಬೇಗ ಬರುತ್ತದೆ. ಬಣ್ಣದ ವಿಷಯಕ್ಕಂತೂ ಕೇಳಲೇಬೇಡಿ. ಚನ್ನಪಟ್ಟಣದ ಒಂದು ಗೊಂಬೆ ಕಾರ್ಖಾನೆಯಲ್ಲಿ ಕಂಪ್ಯೂಟರ್ ಮುಂದೆ ಕೂರುವುದು ನನ್ನ ಕೆಲಸ. ಮರ ಕಡೆಯುವ ಯಂತ್ರಕ್ಕೆ ಅಪ್ಪಣೆ ಬರೆಯಬೇಕು, ನಮ್ಮ ವೆಬ್‌ಸೈಟಿನ ಪುಟಗಳನ್ನೂ ತಿದ್ದಬೇಕು. ಎರಡನ್ನೂ ಬರೆಯುವುದು ಎಡಿಟರ್ ಎಂಬ ಒಂದೇ ತಂತ್ರಾಂಶದಲ್ಲಿ. ಅದು ತಾನಾಗಿ ಕೊಡುವ ಬಣ್ಣಗಳನ್ನು ಆರಿಸಿದ ಪುಣ್ಯಾತ್ಮ ಯಾರೋ, ಕೈಗೆ ಸಿಕ್ಕರೆ ಬಿಡುವವಳಲ್ಲ ನಾನು. ಕಪ್ಪು ತೆರೆಯ ಮೇಲೆ ಕಡುನೀಲಿ ಅಕ್ಷರ! ಓದುವವರಿಗೆ ಕಣ್ಣಿರಬೇಕೋ ಬೇಡವೋ?

ಹಾಗಾಗಿ ಒಂದೊಂದು ಬಗೆಯ ಫೈಲಿಗೂ ನಾನೇ ಬಣ್ಣ ಗೊತ್ತುಮಾಡಿದೆ. ವೆಬ್ ಪುಟಗಳಿಗೆ ತಂಪು ಹಸಿರು. ಯಂತ್ರದ ಫೈಲಿನಲ್ಲಿ, ಉಳಿ ಮರದೊಳಗೆ ಎಷ್ಟು ಇಳಿಯಬೇಕೆಂಬ ಅಂಕಿ ಮಾತ್ರ ಕೆಂಪು. ಅಲ್ಲಿ ತಪ್ಪಿದರೆ ಮರವೂ ಹೋಯಿತು, ಉಳಿಯೂ ಹೋಯಿತು. ಯಂತ್ರ ಲೆಕ್ಕಕ್ಕಿಡದ, ಮನುಷ್ಯರಿಗಾಗಿ ಬರೆದ ಟಿಪ್ಪಣಿಗಳಿಗೆ ಮಾಸಲು ಬೂದು. ಕೆಂಪೆಂದರೆ ಹಣೆಯ ಮೇಲೆ ಕುಂಕುಮ, ರಸ್ತೆಯಲ್ಲಿ ‘ನಿಲ್ಲು’. ನನ್ನ ತೆರೆಯ ಮೇಲೆ ‘ಜೋಪಾನ’. ಮದುವೆ ಸೀರೆ ಆರಿಸುವಾಗಲೂ ನಾನು ಇಷ್ಟು ಒದ್ದಾಡಿರಲಿಲ್ಲ.

ಮೊನ್ನೆ ಕನಕಪುರದ ಶಿಶುವಿಹಾರವೊಂದು ಗಿಲಕಿ ಕೇಳಿತ್ತು. ಎಲ್ಲವೂ ಹಳದಿಯೇ ಇರಬೇಕು, ಸೋಮವಾರ ಬೆಳಗ್ಗೆ ಮಕ್ಕಳ ಕೈಯಲ್ಲಿರಬೇಕು, ತಪ್ಪಿದರೆ ಇನ್ನು ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ ಎಂದಿದ್ದರು. ಯಂತ್ರ ಕಡೆದದ್ದಕ್ಕೆ ಅರಗಿನ ಬಣ್ಣ ಹಚ್ಚುವವರು ನಮ್ಮ ಶಿವಲಿಂಗಣ್ಣ. ಶನಿವಾರ ಮಧ್ಯಾಹ್ನ ಫೈಲಿನ ಟಿಪ್ಪಣಿಯಲ್ಲೇ ‘ಪೂರಾ ಹಳದಿ’ ಎಂದು ಬರೆದು, ತೆರೆಯ ಫೋಟೊ ಅವರಿಗೆ ವಾಟ್ಸಾಪ್ ಮಾಡಿ ಊಟಕ್ಕೆ ಹೋದೆ.

ಸಂಜೆ ಅವರ ಬಳಿ ಹೋಗಿ ನೋಡಿದರೆ ಬುಟ್ಟಿ ತುಂಬ ಗಿಲಕಿ, ಉಳಿ ಇಳಿದ ಕಡೆಯೆಲ್ಲ ಕೆಂಪು ಪಟ್ಟೆ.

“ಏನಣ್ಣಾ ಇದು? ಹಳದಿ ಅಂತ ಬರ್ದಿರಲಿಲ್ವಾ?” ಎಂದು ಕಿರುಚಿದೆ.

“ಅದು ಮಾಸಿದಂಗಿತ್ತು ಕಣವ್ವ, ಬ್ಯಾಡ ಅಂತ ಬುಟ್ಟಿದೀಯ ಅನ್ಕಂಡೆ. ಕಡ್ಯೋ ಜಾಗೆಲ್ಲಾ ಕೆಂಪ್ಗೆ ಎದ್ದು ಕಾಣಂಗೆ ಹಾಕಿದ್ದು ನೀನೇ ತಾನೆ? ಈ ಊರಲ್ಲಿ ಸುಮ್ ಸುಮ್ಕೆ ಯಾರು ಬಣ್ಣ ಹಾಕ್ತಾರೆ?”

ಭಾನುವಾರವಿಡೀ ಇಬ್ಬರೂ ಕೂತು ಕೆಂಪು ಕೆರೆದೆವು. ಅವರು ಹಳದಿ ಹಚ್ಚಿದರು, ನಾನು ಮುಖ ಊದಿಸಿಕೊಂಡೇ ಡಬ್ಬಕ್ಕೆ ತುಂಬಿದೆ. ಗಿಲಕಿಗಳೇನೋ ಹೊತ್ತಿಗೆ ಸರಿಯಾಗಿ ಕನಕಪುರ ಸೇರಿದವು. ನನ್ನ ಸಿಟ್ಟು ಮಾತ್ರ ಎಲ್ಲಿಗೂ ಹೋಗಲಿಲ್ಲ.

ಈಗ ಯಂತ್ರದ ಫೈಲಿನ ಬಣ್ಣವನ್ನೆಲ್ಲ ತೆಗೆದುಹಾಕಿದ್ದೇನೆ. ಎಲ್ಲ ಅಕ್ಷರವೂ ಒಂದೇ ಬಿಳಿ. ಆಳದ ಅಂಕಿಯನ್ನು ಅಕ್ಕಿಯಲ್ಲಿ ಕಲ್ಲು ಹುಡುಕಿದಂತೆ ಹುಡುಕುತ್ತೇನೆ, ಹುಡುಕಿದಷ್ಟು ಹೊತ್ತೂ ಶಪಿಸುತ್ತೇನೆ. ನಿನ್ನೆ ಶಿವಲಿಂಗಣ್ಣ ನನ್ನ ಹಿಂದೆ ಬಂದು ನಿಂತು ತೆರೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನಿಜವಾದ ಮರುಕದಿಂದಲೇ ಕೇಳಿದರು:

“ಯಾಕವ್ವ, ಬಣ್ಣ ತೀರೋಯ್ತಾ? ನಮ್ತಾವ ಐತೆ, ಕೊಡ್ಲಾ ಒಸಿ?”