ಈಚೆ ದಂಡೆಯ ಭಂಡಾರ

ಮಮದಾಪುರದಿಂದ ಹೊರಡುವಾಗ ಮಲ್ಲಪ್ಪ ಕಾಕಾ ಚೀಲದಲ್ಲಿ ಸ್ವೆಟರಿಗಿಂತ ಮೊದಲು ಇಟ್ಟುಕೊಂಡದ್ದು ಬೀರಪ್ಪನ ಗುಡಿಯ ಭಂಡಾರವನ್ನು. ಕುರಿಹಿಂಡಿಗೆ ಬಂದ ರೋಗ ವಾಸಿಯಾದರೆ ಹಿಮದ ಗುಡ್ಡದ ನೆತ್ತಿಯ ಮೇಲೆ ಈ ಅರಿಸಿನಪುಡಿ ಹಾರಿಸುತ್ತೇನೆಂದು ಹರಕೆ ಹೊತ್ತಿದ್ದ; ರೋಗ ವಾಸಿಯಾಗಿತ್ತು. ಹಿಂದಿನ ವರ್ಷ ಮನಾಲಿಯಲ್ಲಿ ಹಿಮಕುಸಿತದ ಅಪಾಯ ಗುರುತಿಸುವ ತರಬೇತಿ ಮುಗಿಸಿದ್ದ ನನ್ನನ್ನೇ ಜೊತೆಗೆ ಕರೆದ.

ಘಟಪ್ರಭಾದಲ್ಲಿ ರೈಲು ಹತ್ತಿದೆವು. ದಿಲ್ಲಿಯವರೆಗೂ ಕಟಕ ರೊಟ್ಟಿ, ಶೇಂಗಾ ಚಟ್ನಿ. ಮುಂದೆ ಬಸ್ಸು, ಮನಾಲಿಯಲ್ಲಿ ಹಲ್ಲು ಕಟಕಟಿಸುವ ಚಳಿ. ಅಲ್ಲಿ ಒಂದು ಚಾರಣದ ತಂಡ ಸೇರಿಕೊಂಡೆವು.

ಕೊನೆಯ ಏರಿಗೆ ಮುಟ್ಟುವ ಹಿಂದಿನ ರಾತ್ರಿ ಹಿಮ ಬಿದ್ದು ಜೋರು ಗಾಳಿ ಬೀಸಿತ್ತು. ಇಳಿಜಾರಿನ ಅಂಚಿನಲ್ಲಿ ಸಲಿಕೆಯಿಂದ ಗುಂಡಿ ತೋಡಿದೆ. ಮೇಲೆ ಗಾಳಿ ಬಡಿದು ಗಟ್ಟಿಯಾದ ಪದರ, ಕೆಳಗೆ ಸಕ್ಕರೆಯಂತೆ ಉದುರುವ ಹರಳು. ಹಿಮದ ಕಂಬವೊಂದನ್ನು ಕಡಿದು ಬಿಡಿಸಿ, ಮೇಲೆ ಸಲಿಕೆ ಇಟ್ಟು ಅಂಗೈಯಿಂದ ಮೆಲ್ಲಗೆ ತಟ್ಟಿದೆ. ಮೇಲಿನ ಪದರ ಸರ್ರನೆ ಜಾರಿ ಗುಂಡಿಗೆ ಬಿತ್ತು. ಇಷ್ಟಕ್ಕೇ ಜಾರಿದರೆ ನಮ್ಮ ಭಾರಕ್ಕೆ ಇಡೀ ಇಳಿಜಾರೇ ಕುಸಿಯಬಹುದು.

ತಂಡದ ಗೈಡ್ ನಕ್ಕ. ನಿನ್ನೆ ತಂಡವೊಂದು ದಾಟಿದೆ, ಅಂಜಿಕೆಯಿದ್ದರೆ ಇಲ್ಲೇ ಕೂತಿರಿ ಎಂದ. ನನಗೆ ಮೈಯೆಲ್ಲ ಉರಿಯಿತು. ನಿನ್ನೆ ಈ ಪದರವೇ ಇರಲಿಲ್ಲ ಎಂದೆ. ಅಷ್ಟರಲ್ಲಿ ಕಾಕಾನೇ ಮುಂದೆ ಹೆಜ್ಜೆ ಇಟ್ಟ.

“ದ್ಯಾವರಿಗೆ ಮಾತು ಕೊಟ್ಟೇನಿ ಲಕ್ಕವ್ವ. ಹರಕಿ ಹೊತ್ಕೊಂಡು ಹೊಳ್ಳಿ ಹೋಗಾಕ ಬರೂದಿಲ್ಲ.”

ನಾನು ಅಡ್ಡ ನಿಂತೆ. “ಬೀರಪ್ಪ ನಿನ್ನ ಮಾತು ಕೇಳ್ಯಾನ ಕಾಕಾ. ಈ ಬರ್ಫ ಕೇಳೂದಿಲ್ಲ. ಹೋಗೂದಿದ್ರ ನನ್ನ ತುಳದು ಹೋಗು.”

ಕಾಕಾ ಸಿಟ್ಟಿನಿಂದ ನನ್ನನ್ನೇ ನೋಡಿದ. ಆಮೇಲೆ ಗುಂಡಿಗೆ ಬಗ್ಗಿ ಆ ಹರಳುಗಳನ್ನು ಹಿಡಿದ. ಎಷ್ಟು ಒತ್ತಿದರೂ ಅವು ಉಂಡೆಯಾಗಲಿಲ್ಲ, ಬೆರಳ ಸಂದಿಯಿಂದ ಉದುರಿಹೋದವು. ಭಂಡಾರದ ಪೊಟ್ಟಣ ಬಿಚ್ಚಿದ.

“ಹಳ್ಳ ತುಂಬಿ ಬಂದ್ರ ನಾವು ಈಚಿ ದಂಡಿಗೇ ಭಂಡಾರ ಹಾರಿಸಿ ಹಿಂಡು ತಿರುಗಸ್ತೇವಿ. ಇದೂ ತುಂಬಿದ ಹಳ್ಳನ ಅಂತ ತಿಳೀತೇನಿ,” ಎಂದು ಅಲ್ಲೇ ಎರಚಿದ. ಬಿಳಿ ಹಿಮ ಹಳದಿಯಾಯಿತು.

ಉಳಿದವರು ದಾಟಿದರು. ಸಂಜೆ ನೆತ್ತಿಯ ಫೋಟೊ ತೋರಿಸುತ್ತ ಕ್ಷೇಮವಾಗಿ ಬಂದರು. ಅವರು ಬದುಕಿ ಬಂದದ್ದಕ್ಕೆ ಸಂತೋಷಪಟ್ಟೆ, ತಪ್ಪು ಮಾಡಿದೆನೆಂದು ಮಾತ್ರ ಅನ್ನಿಸಲಿಲ್ಲ.

ಊರಿಗೆ ಮರಳಿದ ಮೇಲೆ ಅಂಕಲಗಿಯ ಚಹಾದಂಗಡಿಯಲ್ಲಿ ಬೀಗರೊಬ್ಬರು ಕೆಣಕಿದರು. “ಅಲ್ಲೀತನಕ ಹೋಗಿ ತುದಿ ಮುಟ್ಟದ ಬಂದ್ರಂತಲ್ರಿ. ಗುಡ್ಡ ಕುಸೀತೇನು?”

“ಕುಸೀಲಿಲ್ರಿ,” ಎಂದೆ, ಇಡೀ ಅಂಗಡಿಗೆ ಕೇಳುವಂತೆ. “ನಾಳೆ ಹೋದ್ರೂ ಅಲ್ಲಿಂದನ ತಿರಗತೇನಿ.”

ಪಕ್ಕದಲ್ಲಿದ್ದ ಕಾಕಾ ಚಹಾದ ಬಸಿ ಕೆಳಗಿಟ್ಟ. “ಇಬ್ಬರೂ,” ಎಂದ.