ಪರದೆಯ ಮೇಲೆ ಕುಣಿದ ಕೊಕ್ಕರೆಗಳು

ಚಳಿಗಾಲದಲ್ಲಿ ನಮ್ಮೂರಿನ ಮೃಗಾಲಯಕ್ಕೆ ಬರುವವರು ಕಡಿಮೆ. ಹಿಮ ಮೊಣಕಾಲು ಮುಟ್ಟಿದ ಮೇಲಂತೂ ಬಾಗಿಲ ಬಳಿಯ ನನ್ನ ನೂಡಲ್ಸ್ ಅಂಗಡಿಗೆ ಗಾಳಿಯೇ ಗಿರಾಕಿ. ಅಂಥ ದಿನಗಳಲ್ಲೂ ತಪ್ಪದೆ ಬರುತ್ತಿದ್ದವಳು ಕಿನುಯೊ ಅಕ್ಕ.

ಅವಳೂ ಅವಳ ಗಂಡ ತತ್ಸುಜಿಯೂ ಸ್ಟೇಷನ್ ಹಿಂದಿನ ಬೀದಿಯಲ್ಲಿ ಕ್ಷೌರದಂಗಡಿ ನಡೆಸುತ್ತಿದ್ದರು. ಅವಳ ಕತ್ತಿ ಕೆನ್ನೆಯ ಮೇಲೆ ಓಡುತ್ತಿದ್ದರೆ ಗಿರಾಕಿಗಳಿಗೆ ಕುಂತಲ್ಲೇ ಜೊಂಪು ಹತ್ತುತ್ತಿತ್ತು. ವಯಸ್ಸಾದಂತೆ ಅವಳ ಬೆರಳು ನಡುಗತೊಡಗಿತು. ಒಂದು ದಿನ ಹಳೆಯ ಗಿರಾಕಿಯೊಬ್ಬರ ಗಲ್ಲದ ಮೇಲೆ ರಕ್ತದ ಗೆರೆ ಮೂಡಿತು. ಅವರು ಎಂದಿನಂತೆ ದುಡ್ಡು ಕೊಟ್ಟು ಹೋದರು. ಅವಳೇ ಕತ್ತಿ ಒರೆಸಿ ಪೆಟ್ಟಿಗೆಯೊಳಗಿಟ್ಟಳು, ಮತ್ತೆ ತೆಗೆಯಲಿಲ್ಲ. ಬೆಳಗಿನ ಹೊತ್ತು ಕಳೆಯುವುದು ಹೇಗೆಂದು ತಿಳಿಯದೆ, ಮನೆಯಲ್ಲಿದ್ದ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಮೃಗಾಲಯದ ಗುಡ್ಡ ಹತ್ತಿದಳು.

ಕೆಂಪು ನೆತ್ತಿಯ ಕೊಕ್ಕರೆಗಳ ಜೋಡಿಯ ಮುಂದೆಯೇ ಅವಳ ಬೀಡು. ನಡುಗುವ ಕೈಯಲ್ಲಿ ತೆಗೆದ ಚಿತ್ರವೆಲ್ಲ ಕಲಸಿಹೋಗುತ್ತಿತ್ತು.

“ಇದೇನೇ ಇದು, ಕೊಕ್ಕರೆನೋ, ಒಣಗಹಾಕಿದ ಬನಿಯನ್ನೋ?” ಎಂದು ತತ್ಸುಜಿ ರೇಗಿಸಿದ್ದನಂತೆ.

“ನಿಮ್ಮ ಬನಿಯನ್ನಿಗೆ ಇಷ್ಟು ಚೆನ್ನಾಗಿ ಹಾರೋಕೆ ಬರುತ್ತಾ?” ಎಂದಿದ್ದಳಂತೆ ಇವಳು.

ಆ ವರ್ಷ ಊರ ಕೆರೆಗೆ ಬಂದ ಕಾಡುಬಾತುಗಳಿಗೆ ಹಕ್ಕಿಜ್ವರ ತಗುಲಿತು. ಮೃಗಾಲಯದ ಹಕ್ಕಿಗಳಿಗೂ ಹರಡೀತೆಂದು ಪಂಜರಗಳ ಸುತ್ತ ಬಿಳಿ ಪರದೆ ಕಟ್ಟಿ, ದೂರಕ್ಕೆ ಹಗ್ಗ ಎಳೆದರು.

“ಮನೆಗೆ ಹೋಗಕ್ಕಾ, ಬೇಸಿಗೆ ಬರೋವರೆಗೂ ಇಲ್ಲೇನೂ ಕಾಣಲ್ಲ” ಎಂದ, ಹಕ್ಕಿಗಳನ್ನು ನೋಡಿಕೊಳ್ಳುವ ಇಗಾರಾಶಿ.

“ನಿನಗೇನಾದ್ರೂ ಅಡ್ಡ ಬಂದಿದ್ದೀನಾ? ನಿನ್ನ ಪಾಡಿಗೆ ನೀನು ಮೀನು ಹಾಕು, ಹೋಗು.”

ಹಾಗೆಂದು ಅವಳು ಹಗ್ಗದ ಈಚೆ ನಿಂತೇ ಇದ್ದಳು. ಮೋಡ ಸರಿದು, ಗುಡ್ಡದಾಚೆಯಿಂದ ಬೆಳಗಿನ ಓರೆ ಬಿಸಿಲು ಪಂಜರದ ಬೆನ್ನಿಗೆ ಬಿತ್ತು. ಪರದೆಯ ಮೇಲೆ ಉದ್ದ ಕಾಲಿನ ನೆರಳೊಂದು ಮೆಲ್ಲಗೆ ನಡೆದು ಬಂತು, ಕತ್ತು ಬಾಗಿಸಿತು, ರೆಕ್ಕೆ ಬಿಚ್ಚಿದಾಗ ಪರದೆಯೇ ಸಾಲದಾಯಿತು.

ರೆಪ್ಪೆಯ ಮೇಲಿನ ಹಿಮವನ್ನೂ ಒರೆಸಿಕೊಳ್ಳದೆ ಅಂಗಡಿಗೆ ಬಂದವಳು, “ನೋಡೇ ಇಲ್ಲಿ” ಎಂದು ಕ್ಯಾಮೆರಾ ನನ್ನ ಮುಂದೆ ಹಿಡಿದಳು. ಹಾಲಿಗೆ ಶಾಯಿ ಬಿದ್ದು ಹರಡಿದಂತಿತ್ತು ಆ ಚಿತ್ರ. ಎಷ್ಟು ಹೊತ್ತು ನೋಡಿದೆನೋ, ಒಲೆಯ ಮೇಲಿನ ಸಾರು ಉಕ್ಕಿತು.

“ಅಲುಗಿದೆ ಅಲ್ವಾ ಅಕ್ಕ?” ಎಂದೆ.

“ಅಲುಗಲಿ ಬಿಡು. ನೆರಳಿಗೆ ಅಂಚೆಲ್ಲಿರುತ್ತೆ?”

ಇಗಾರಾಶಿಯೇ ಆ ಚಿತ್ರಗಳನ್ನು ಕೇಳಿ ಪಡೆದು ಮೃಗಾಲಯದ ಬಾಗಿಲಲ್ಲಿ ತೂಗುಹಾಕಿದ. ಹಕ್ಕಿ ಕಾಣದೆ ವಾಪಸು ಹೊರಟವರು ಅಲ್ಲಿ ನಿಂತರು. ಮರುದಿನ ಬಿಸಿಲೇರುವ ಮುಂಚೆಯೇ ಬಂದರು. ಹಗ್ಗದುದ್ದಕ್ಕೂ ಜನ. ಎಲ್ಲರೂ ಒಂದೇ ಕನಸಿನೊಳಗೆ ನಿಂತ ಹಾಗೆ.

ಕ್ಷೌರದಂಗಡಿಗೆ ರಜೆಯಿದ್ದ ಒಂದು ಸೋಮವಾರ ತತ್ಸುಜಿಯೂ ಬಂದ. “ನೋಡೋಕೇನೂ ಬಂದಿಲ್ಲ, ಕಾಲು ಜಡ ಹಿಡಿದಿತ್ತು” ಎಂದು ಕೇಳದೆಯೇ ಹೇಳಿದ. ಅಷ್ಟರಲ್ಲಿ ಒಳಗಿನಿಂದ ಕಹಳೆಯಂಥ ಕೂಗು. ಎರಡು ನೆರಳು ಒಂದಕ್ಕೊಂದು ತಲೆಬಾಗಿ ಚಿಮ್ಮಿದವು, ಇಳಿದವು, ಒಂದರೊಳಗೊಂದು ಕರಗಿ ಮತ್ತೆ ಬೇರೆಯಾದವು. ಅವನ ಬಾಯಿ ತೆರೆದೇ ಇತ್ತು.

ಹೆಂಡತಿಯ ಕೈ ನಡುಗುವುದು ಕಂಡು ಪಿಸುಗುಟ್ಟಿದ: “ಮೊಣಕೈ ಹಿಡ್ಕೊಳ್ಳಲಾ?”

“ಬೇಡ. ಹೀಗೇ ಚೆನ್ನಾಗಿದೆ.”

ಅವನು ಕೈ ಜೇಬಿಗಿಟ್ಟುಕೊಂಡು ಅವಳ ಪಕ್ಕಕ್ಕೆ, ಗಾಳಿ ಬೀಸುವ ಕಡೆಗೆ, ಸರಿದು ನಿಂತ.

ಹಿಮ ಕರಗಿದ ಮೇಲೆ ಪರದೆ ಬಿಚ್ಚಿದರು. ಮುಂದಿನ ಚಳಿಗಾಲ ಜ್ವರದ ಸುದ್ದಿಯೇ ಇರಲಿಲ್ಲ. ಆದರೂ ಒಂದು ಬೆಳಿಗ್ಗೆ ಇಗಾರಾಶಿ ಏಣಿ ಹತ್ತಿ ಕೊಕ್ಕರೆಗಳ ಪಂಜರದ ಒಂದು ಮಗ್ಗುಲಿಗೆ ಬಿಳಿ ಬಟ್ಟೆ ಕಟ್ಟುತ್ತಿದ್ದ. ಯಾಕೆಂದು ಕೇಳಿದೆ.

“ಗಾಳಿ ಜಾಸ್ತಿ” ಎಂದ.

ಅಂದು ಒಂದೆಲೆಯೂ ಅಲುಗುತ್ತಿರಲಿಲ್ಲ. ಕಿನುಯೊ ಅಕ್ಕ ಆಗಲೇ ಹಗ್ಗವಿದ್ದ ಜಾಗದಲ್ಲಿ ನಿಂತು ಕೈಗವಸು ಬಿಚ್ಚುತ್ತಿದ್ದಳು.